ಬ್ರೌಸರ್ ಆರಿಸುವುದು ಹೇಗೆ: ತೋಟದ ಆಫೀಸಿನಿಂದ ಕೆಲವು ಮಾತು

ಯಾವ ಬ್ರೌಸರ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ದಿನವೂ ಇಂಟರ್‌ನೆಟ್‌ನಲ್ಲಿ ನೀವು ಏನೇನು ನೋಡುತ್ತೀರಿ? ಅದು ಗೊತ್ತಿಲ್ಲದೆ ಒಂದು ಹೆಸರು ಹೇಳಿಬಿಡುವುದು ಕಾಯಿಲೆ ಏನೆಂದು ಕೇಳದೆ ಮಾತ್ರೆ ಕೊಟ್ಟ ಹಾಗೆ. ಹೆಚ್ಚಿನವರು ಮೊಬೈಲ್ ಜೊತೆಗೆ ಬಂದದ್ದನ್ನೇ ಬಳಸುತ್ತಾರೆ. ಬಂದದ್ದು ಕೆಟ್ಟದ್ದೇನೂ ಅಲ್ಲ. ಆದರೆ ಅದನ್ನು ಆರಿಸಿದವರು ನಾವಲ್ಲ, ಮೊಬೈಲ್ ಮಾಡಿದವರು. ಅವರ ಲೆಕ್ಕಾಚಾರ ಬೇರೆ, ನಮ್ಮ ಅಗತ್ಯ ಬೇರೆ.

ಆ ಲೆಕ್ಕಾಚಾರ ಎಷ್ಟು ದೊಡ್ಡದೆಂಬುದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಗಿದೆ. ಫೋನ್ ಮತ್ತು ಬ್ರೌಸರ್‌ಗಳಲ್ಲಿ ತನ್ನ ಹುಡುಕಾಟವೇ ಮೊದಲಿನಿಂದ ಕೂತಿರಬೇಕೆಂದು ಗೂಗಲ್ ಸಂಸ್ಥೆ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿತ್ತು. ನಾವು ಸೆಟ್ಟಿಂಗ್ ಬದಲಿಸುವ ಗೋಜಿಗೆ ಹೋಗುವುದಿಲ್ಲ ಎಂಬ ನಂಬಿಕೆಗೆ ಕೊಟ್ಟ ಬೆಲೆ ಅದು. ಹಾಗಾಗಿ ಅರ್ಧ ಗಂಟೆ ಕೂತು ನಾವೇ ಆರಿಸಿಕೊಳ್ಳುವುದು ವ್ಯರ್ಥ ಕೆಲಸವಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ವಾರದ ಬಟವಾಡೆ ಲೆಕ್ಕ ಹಾಕುವುದು, ಮಳೆ ಎಷ್ಟು ಇಂಚು ಎಷ್ಟು ಸೆಂಟ್ ಬಿತ್ತೆಂದು ಪುಸ್ತಕದಲ್ಲಿ ಏರಿಸುವುದು ಹಿಂದಿನಿಂದ ಬಂದ ಕೆಲಸ. ಈಗ ಭವಿಷ್ಯನಿಧಿಯ ಚಲನ್, ಜಿಎಸ್‌ಟಿ, ಪಹಣಿ, ಬ್ಯಾಂಕ್, ಗೊಬ್ಬರದ ಆರ್ಡರ್ ಎಲ್ಲವೂ ಅದಕ್ಕೆ ಸೇರಿಕೊಂಡಿವೆ, ಎಲ್ಲವೂ ಬ್ರೌಸರ್ ಒಳಗೇ ನಡೆಯುತ್ತವೆ. ಕಂಪ್ಯೂಟರ್ ಹಳೆಯದು, ನಾಲ್ಕು ಜಿಬಿ ರ್‍ಯಾಮ್. ಜೂನ್ ಬಂತೆಂದರೆ ಕರೆಂಟ್ ಯಾವಾಗ ಇರುತ್ತದೆ ಎಂದು ಹೇಳಲಾಗದು, ಮೊಬೈಲ್ ಸಿಗ್ನಲ್ ಡ್ರೈಯಿಂಗ್ ಯಾರ್ಡ್‌ನ ಒಂದು ಮೂಲೆಯಲ್ಲಿ ಮಾತ್ರ ಚೆನ್ನಾಗಿರುತ್ತದೆ. ಬೆಂಗಳೂರಿನಲ್ಲಿ ಫೈಬರ್ ಸಂಪರ್ಕ, ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡವರು ಬರೆದ ಸಲಹೆಗಳು ನಮಗೆ ಪೂರ್ತಿ ಒದಗದಿರುವುದು ಇದೇ ಕಾರಣಕ್ಕೆ. ಮಲೆನಾಡಿನಲ್ಲಿ, ಕನ್ನಡ ಓದುತ್ತಾ, ಹಳೆಯ ಯಂತ್ರದಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬರೆಯುತ್ತಿದ್ದೇನೆ.

ಮೊದಲು ಕಾಗದ, ಪೆನ್ನು

ಡೌನ್‌ಲೋಡ್ ಮಾಡುವ ಮೊದಲು ನಿಮ್ಮ ಒಂದು ಮಾಮೂಲಿ ದಿನದ ಪುಟಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆ ಹೀಗಿದೆ. ಬೆಳಗ್ಗೆ ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆಯ ಕಾಫಿ ದರ. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್; ಇಲ್ಲಿ ಐವತ್ತು ಕೆ.ಜಿ. ಮೂಟೆಗೆ ಇವತ್ತು ಎಷ್ಟು ಹೇಳುತ್ತಾರೆ ಎಂಬುದು ಅವುಗಳನ್ನೇ ಹಿಂಬಾಲಿಸುತ್ತದೆ. ಆಮೇಲೆ ಮಳೆಯ ಮುನ್ಸೂಚನೆ. ಎರಡು ಕನ್ನಡ ಪತ್ರಿಕೆಗಳು. ಹತ್ತು ಗಂಟೆಯ ನಂತರ ಸರ್ಕಾರಿ ಪುಟಗಳು, ಬ್ಯಾಂಕ್. ಸಂಜೆ ಅಮ್ಮನಿಗೆ ಓದಿ ಹೇಳಬೇಕಾದ ಲೇಖನಗಳು.

ಈ ಹಾಳೆಯನ್ನು ನೋಡಿದರೆ ಒಂದು ವಿಷಯ ತಾನಾಗಿಯೇ ಕಾಣುತ್ತದೆ. ಇಲ್ಲಿರುವುದು ಒಂದೇ ಬಗೆಯ ಕೆಲಸವಲ್ಲ. ದರ ನೋಡುವ ಪುಟದಲ್ಲಿ ಜಾಹೀರಾತಿನ ಕಾಟ, ಪತ್ರಿಕೆಯಲ್ಲಿ ಅಕ್ಷರದ ಗಾತ್ರ, ಸರ್ಕಾರಿ ಪುಟದಲ್ಲಿ ಹೊಂದಾಣಿಕೆ, ಬ್ಯಾಂಕಿನಲ್ಲಿ ಭದ್ರತೆ ಮುಖ್ಯ. ಇವಿಷ್ಟನ್ನೂ ಒಂದೇ ಬ್ರೌಸರ್ ಚೆನ್ನಾಗಿ ಮಾಡಬೇಕೆಂದು ಹಟ ಹಿಡಿಯುವುದರಿಂದಲೇ ಗೊಂದಲ ಹುಟ್ಟುತ್ತದೆ. ಎರಡು ಬ್ರೌಸರ್ ಇಟ್ಟುಕೊಳ್ಳಿ, ಒಂದು ಓದಿಗೆ, ಒಂದು ವ್ಯವಹಾರಕ್ಕೆ. ನನ್ನ ಸಲಹೆಯಲ್ಲಿ ಮುಖ್ಯವಾದದ್ದು ಇದೇ. ಎರಡಕ್ಕೂ ಹಣ ಕೊಡಬೇಕಿಲ್ಲ, ಎರಡೂ ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರುತ್ತವೆ.

ಹೆಸರು ಹತ್ತು, ಮನೆತನ ಮೂರು

ಕ್ರೋಮ್, ಎಡ್ಜ್, ಬ್ರೇವ್, ಒಪೇರಾ, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್‌ನೆಟ್, ಚೆನ್ನೈನ ಜೋಹೊ ಸಂಸ್ಥೆಯ ಉಲಾ: ಹೆಸರು ಬೇರೆಬೇರೆಯಾದರೂ ಇವೆಲ್ಲದರ ಒಳಗಿರುವುದು ಕ್ರೋಮಿಯಂ ಎಂಬ, ಗೂಗಲ್ ಎಲ್ಲರಿಗೂ ತೆರೆದಿಟ್ಟ ಮೂಲ ತಂತ್ರಾಂಶ. ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಎಂಜಿನ್ ಒಂದೇ, ಅದರ ಹೆಸರು ಬ್ಲಿಂಕ್. ಮೈಕ್ರೋಸಾಫ್ಟ್ ಕೂಡ ತನ್ನದೇ ಎಂಜಿನ್ ಬಿಟ್ಟು 2020ರ ಜನವರಿಯಲ್ಲಿ ಎಡ್ಜ್ ಅನ್ನು ಈ ಮನೆಗೇ ಸೇರಿಸಿತು. ಎರಡನೆಯದು ಆಪಲ್‌ನ ಸಫಾರಿ, ಅದರ ಎಂಜಿನ್ ವೆಬ್‌ಕಿಟ್. ಮೂರನೆಯದು ಮೊಜಿಲ್ಲಾದ ಫೈರ್‌ಫಾಕ್ಸ್, ಎಂಜಿನ್ ಗೆಕ್ಕೊ. ಹಾಗಾಗಿ ಕ್ರೋಮ್‌ನಲ್ಲಿ ಒಂದು ಪುಟ ಸರಿಯಾಗಿ ತೆರೆದರೆ ಎಡ್ಜ್‌ನಲ್ಲೂ ಬ್ರೇವ್‌ನಲ್ಲೂ ಬಹುಪಾಲು ಹಾಗೆಯೇ ತೆರೆಯುತ್ತದೆ. ಎರಡು ಬ್ರೌಸರ್ ಇಟ್ಟುಕೊಳ್ಳುವುದಾದರೆ ಬೇರೆ ಮನೆತನದವನ್ನು ಇಟ್ಟುಕೊಂಡರೆ ಮಾತ್ರ ಅದರಿಂದ ಪ್ರಯೋಜನ. ಒಂದರಲ್ಲಿ ಕೈಕೊಟ್ಟದ್ದು ಇನ್ನೊಂದರಲ್ಲಿ ತೆರೆಯುವ ಸಂಭವ ಆಗಲೇ ಹೆಚ್ಚು.

ಐಫೋನ್ ಇರುವವರಿಗೆ ಈ ಚರ್ಚೆ ಅಷ್ಟಾಗಿ ಅನ್ವಯಿಸುವುದಿಲ್ಲ. ನಮ್ಮ ದೇಶದಲ್ಲಿ ಐಫೋನ್‌ನ ಯಾವ ಬ್ರೌಸರ್ ತೆರೆದರೂ ಒಳಗೆ ಓಡುವುದು ವೆಬ್‌ಕಿಟ್. ಅಲ್ಲಿ ಪಾಸ್‌ವರ್ಡ್, ಬುಕ್‌ಮಾರ್ಕ್ ಕಂಪ್ಯೂಟರಿನೊಂದಿಗೆ ಹೊಂದಬೇಕೇ ಎಂಬುದನ್ನು ಮಾತ್ರ ನೋಡಿ ಆರಿಸಿದರೆ ಸಾಕು.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲರೂ ಒಂದೇ ಎಂಜಿನ್ ಬಳಸಿದರೆ ಪುಟ ಕಟ್ಟುವವರು ಅದೊಂದರಲ್ಲೇ ಪರೀಕ್ಷಿಸಿ ಕೈತೊಳೆದುಕೊಳ್ಳುತ್ತಾರೆ. ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ಆದದ್ದೂ ಅದೇ. ಅದಕ್ಕೆಂದೇ ಕಟ್ಟಿದ ಪುಟಗಳು ಬೇರೆ ಕಡೆ ತೆರೆಯುತ್ತಿರಲಿಲ್ಲ. 2022ರ ಜೂನ್‌ನಲ್ಲಿ ಅದು ನಿವೃತ್ತಿಯಾದ ಮೇಲೂ ಕೆಲವು ಕಚೇರಿಗಳು ಅದರ ಹಂಗಿನಲ್ಲೇ ಉಳಿದವು. ನಾನು ಓದಿಗೆ ಫೈರ್‌ಫಾಕ್ಸ್ ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಫೈರ್‌ಫಾಕ್ಸ್‌ನ ಆದಾಯದ ದೊಡ್ಡ ಪಾಲು ಬರುವುದು ಗೂಗಲ್ ಹುಡುಕಾಟದ ಒಪ್ಪಂದದಿಂದಲೇ ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಬೇರೆ ಎಂಜಿನ್ ಒಂದು ಜೀವಂತವಾಗಿರುವುದು ನಮಗೆಲ್ಲ ಒಳ್ಳೆಯದು ಎಂದೇ ನನ್ನ ನಂಬಿಕೆ.

ಕನ್ನಡ ಓದುವವರಿಗೆ

ಆಯ್ಕೆಯ ಬಗ್ಗೆ ಬರೆಯುವವರು ವೇಗದ ವಿಚಾರ ಬರೆಯುತ್ತಾರೆ, ಭದ್ರತೆಯ ವಿಚಾರ ಬರೆಯುತ್ತಾರೆ. ಅಕ್ಷರ ಹೇಗೆ ಕಾಣುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಒತ್ತು ಇಲ್ಲ, ಹಾಗಾಗಿ ಅವರಿಗೆ ಆ ಚಿಂತೆಯೂ ಇಲ್ಲ. ನಮಗೆ ಇದೆ. 'ರಾಷ್ಟ್ರ', 'ಸ್ತ್ರೀ' ಎಂಬಲ್ಲಿ ಒಂದು ಅಕ್ಷರದ ಅಡಿಯಲ್ಲಿ ಎರಡು ಒತ್ತುಗಳು ಕೂರಬೇಕು. ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹದಿಮೂರು, ಹದಿನಾಲ್ಕರ ಗಾತ್ರದಲ್ಲಿ ಇಂಗ್ಲಿಷ್ ಆರಾಮವಾಗಿ ಓದಬಹುದು, ಕನ್ನಡ ಓದಿದರೆ ಕಣ್ಣು ನೋಯುತ್ತದೆ.

ಇಲ್ಲಿ ಫೈರ್‌ಫಾಕ್ಸ್ ಮಾಡುವ ಒಂದು ಉಪಕಾರ ನನಗೆ ಬೇರೆ ಕಡೆ ಸಿಕ್ಕಿಲ್ಲ. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಫಾಂಟ್ ಎಂದು ಟೈಪ್ ಮಾಡಿ. ಫಾಂಟ್ ವಿಭಾಗದ ಪಕ್ಕದಲ್ಲಿ ಅಡ್ವಾನ್ಸ್ಡ್ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರ ತಲೆಯಲ್ಲಿ ಯಾವ ಲಿಪಿಗೆ ಈ ಫಾಂಟ್ ಎಂದು ಕೇಳುವ ಪಟ್ಟಿಯಿದೆ. ಲ್ಯಾಟಿನ್ ಎಂದು ಇರುವಲ್ಲಿ ಇಳಿಸಿ ನೋಡಿದರೆ ಕನ್ನಡವೂ ಇದೆ. ಅದನ್ನು ಆರಿಸಿ. ಈಗ ಕೆಳಗೆ ನೀವು ಕೊಡುವ ಫಾಂಟ್, ಗಾತ್ರ, ಕನಿಷ್ಠ ಗಾತ್ರ ಎಲ್ಲವೂ ಕನ್ನಡಕ್ಕೆ ಮಾತ್ರ ಅನ್ವಯ, ಇಂಗ್ಲಿಷ್ ಇದ್ದ ಹಾಗೆಯೇ ಇರುತ್ತದೆ. ನಾನು ನೋಟೊ ಸೆರಿಫ್ ಕನ್ನಡ ಹಾಕಿಕೊಂಡು ಗಾತ್ರ 20, ಕನಿಷ್ಠ ಗಾತ್ರ 18 ಇಟ್ಟಿದ್ದೇನೆ. ವಿಂಡೋಸ್‌ನಲ್ಲಿ ಮೊದಲೇ ಇರುವ ನಿರ್ಮಲಾ ಯುಐ ಕೂಡ ಸ್ಪಷ್ಟವಾಗಿಯೇ ಇದೆ. ಹಳೆಯ ತುಂಗಾ ನನ್ನ ಕಣ್ಣಿಗೆ ಸಣ್ಣದು.

ಪುಟ ಕಟ್ಟಿದವರು ಇದರ ಭಾಷೆ ಕನ್ನಡ ಎಂದು ಒಳಗೆ ಗುರುತು ಹಾಕಿದ್ದರೆ ಈ ಗಾತ್ರ ಸರಿಯಾಗಿ ಹತ್ತುತ್ತದೆ. ಹಾಕದೆ ಬಿಟ್ಟವರ ಪುಟದಲ್ಲಿ ಹತ್ತದಿರಬಹುದು. ಆಗ ಕಂಟ್ರೋಲ್ ಒತ್ತಿಕೊಂಡು ಪ್ಲಸ್ ಒತ್ತಿ ಪುಟವನ್ನೇ ಹಿಗ್ಗಿಸಿ. ಆ ತಾಣಕ್ಕೆ ಇಷ್ಟು ಹಿಗ್ಗಿಸಿದ್ದಿರಿ ಎಂಬುದನ್ನು ಎಲ್ಲ ಬ್ರೌಸರ್‌ಗಳೂ ನೆನಪಿಟ್ಟುಕೊಳ್ಳುತ್ತವೆ. ಅದೇ ಕಿಟಕಿಯ ಕೆಳಗೆ, ಪುಟಗಳು ತಮ್ಮದೇ ಫಾಂಟ್ ಬಳಸಲು ಬಿಡಬೇಕೇ ಎಂಬ ಚೌಕವಿದೆ. ಗುರುತು ತೆಗೆದರೆ ಪುಟಗಳು ನಿಮ್ಮ ಫಾಂಟ್‌ಗೆ ಬರುತ್ತವೆ, ಆದರೆ ಕೆಲವು ಕಡೆ ಚಿಹ್ನೆಗಳ ಜಾಗದಲ್ಲಿ ಖಾಲಿ ಪೆಟ್ಟಿಗೆ ಕಾಣಬಹುದು. ನಾನು ಗುರುತು ತೆಗೆದಿಲ್ಲ.

ಕ್ರೋಮ್, ಎಡ್ಜ್‌ನಲ್ಲಿ ಕನಿಷ್ಠ ಗಾತ್ರ ನಿಗದಿ ಮಾಡಬಹುದು, ಆದರೆ ಎಲ್ಲ ಲಿಪಿಗಳಿಗೂ ಸೇರಿಸಿ ಒಂದೇ. ಕನ್ನಡಕ್ಕೆಂದು ಹಿಗ್ಗಿಸಿದರೆ ಇಂಗ್ಲಿಷ್ ಪುಟಗಳು ಊದಿಕೊಂಡು ಕಾಣುತ್ತವೆ. ಬೇರೆಬೇರೆ ಬೇಕೆಂದರೆ ವಿಸ್ತರಣೆ (ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳಬೇಕು.

ಉದ್ದದ ಲೇಖನಗಳಿಗೆ ಓದುವ ನೋಟ ಬಳಸಿ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್‌ಗೂ ಎಡ್ಜ್‌ಗೂ ಎಫ್9 ಕೀಲಿಯೇ ಅದಕ್ಕೆ ದಾರಿ. ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ಮಾಯವಾಗಿ ಬರಹ ಮಾತ್ರ ಉಳಿಯುತ್ತದೆ. ಫೈರ್‌ಫಾಕ್ಸ್‌ನ ಓದುವ ನೋಟದಲ್ಲಿ ಸಾಲುಗಳ ಅಂತರ ಹೆಚ್ಚಿಸುವ ಗುಂಡಿಯೂ ಇರುವುದರಿಂದ ಒತ್ತುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಎಡ್ಜ್ ಗೆಲ್ಲುವುದು ಓದಿ ಹೇಳುವುದರಲ್ಲಿ. ಅಮ್ಮನಿಗೆ ಪರದೆ ನೋಡಿ ಓದುವುದು ಕಷ್ಟ. ಎಡ್ಜ್‌ನಲ್ಲಿ ಲೇಖನ ತೆರೆದು ಕಂಟ್ರೋಲ್, ಶಿಫ್ಟ್ ಜೊತೆ ಯು ಒತ್ತಿದರೆ ಅದು ಗಟ್ಟಿಯಾಗಿ ಓದುತ್ತದೆ. ಧ್ವನಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಸಪ್ನಾ ಮತ್ತು ಗಗನ್ ಎಂಬ ಎರಡು ಧ್ವನಿಗಳಿವೆ. ಸಪ್ನಾ ಅಲ್ಪಪ್ರಾಣ ಮಹಾಪ್ರಾಣಗಳನ್ನು ಬಿಡಿಸಿ ಓದುವುದು ಕೇಳಲು ಹಿತವಾಗಿದೆ. ವೇಗವನ್ನು ಒಂದಿಷ್ಟು ತಗ್ಗಿಸಿ ಕೊಟ್ಟರೆ ಅಮ್ಮ ಸಂಪಾದಕೀಯ ಪುಟವನ್ನು ಪೂರ್ತಿ ಕೇಳುತ್ತಾರೆ. ಈ ಧ್ವನಿಗಳಿಗೆ ಇಂಟರ್‌ನೆಟ್ ಬೇಕು. ಸಂಪರ್ಕ ಹೋದರೆ ಓದೂ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದಕ್ಕಾಗಿಯೇ ಎಡ್ಜ್ ಇಟ್ಟುಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಕ್ರೋಮ್ ಬಳಸುವವರು ಇನ್ನೊಂದು ಸಣ್ಣ ಕೆಲಸ ಮಾಡಿಕೊಳ್ಳಬೇಕು. ಕನ್ನಡ ಪುಟ ತೆರೆದಾಗಲೆಲ್ಲ ಇಂಗ್ಲಿಷ್‌ಗೆ ಅನುವಾದಿಸಲೇ ಎಂದು ಪೆಟ್ಟಿಗೆ ಎದ್ದರೆ, ಅದರ ಮೂರು ಚುಕ್ಕಿ ಒತ್ತಿ ಕನ್ನಡವನ್ನು ಎಂದಿಗೂ ಅನುವಾದಿಸಬೇಡ ಎಂಬುದನ್ನು ಆರಿಸಿ. ಹಾಗೆಯೇ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ನೊಳಗೆ ಕಂಟ್ರೋಲ್ ಎಫ್ ಒತ್ತಿ ಊರಿನ ಹೆಸರು ಹುಡುಕಿದಾಗ ಸಿಗದಿದ್ದರೆ ಬ್ರೌಸರ್ ಬದಲಿಸಬೇಡಿ. ಆ ಕಡತ ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತದಲ್ಲಿ) ಇಲ್ಲ, ಯಾವ ಬ್ರೌಸರಿಗೂ ಅದು ಸಿಗುವುದಿಲ್ಲ.

ಹಳೆಯ ಯಂತ್ರ, ಹೋಗಿ ಬರುವ ಕರೆಂಟ್

ನಾಲ್ಕು ಜಿಬಿಯ ಯಂತ್ರದಲ್ಲಿ ಯಾವ ಬ್ರೌಸರ್ ಹಗುರ ಎಂದು ಕೇಳುವವರು ಬಹಳ. ಟ್ಯಾಬ್ ಇಪ್ಪತ್ತು ತೆರೆದಿಟ್ಟರೆ ಯಾವುದೂ ಹಗುರವಲ್ಲ. ನಿಜವಾದ ಭಾರ ಬ್ರೌಸರಿನದ್ದಕ್ಕಿಂತ ಪುಟಗಳದ್ದು. ಶಿಫ್ಟ್ ಒತ್ತಿಕೊಂಡು ಎಸ್ಕೇಪ್ ಒತ್ತಿ ನೋಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ನನ್ನ ಪಟ್ಟಿಯಲ್ಲಿ ಯಾವಾಗಲೂ ತುದಿಯಲ್ಲಿರುವುದು ಕ್ಷಣಕ್ಷಣಕ್ಕೂ ಕುಣಿಯುವ ನಕ್ಷೆಯ ದರದ ಪುಟ. ದರ ನೋಡಿಕೊಂಡು ಅದನ್ನು ಮುಚ್ಚಿದರೆ ಯಂತ್ರ ತಕ್ಷಣ ಚುರುಕಾಗುತ್ತದೆ.

ಎಡ್ಜ್ ಬಳಸದ ಟ್ಯಾಬ್‌ಗಳನ್ನು ತಾನೇ ನಿದ್ದೆಗೆ ಕಳಿಸುತ್ತದೆ, ಕ್ರೋಮ್‌ನಲ್ಲಿ ಅದಕ್ಕೆ ಮೆಮೊರಿ ಸೇವರ್ ಎಂಬ ಸೆಟ್ಟಿಂಗ್ ಇದೆ. ಚಾಲೂ ಮಾಡಿಕೊಳ್ಳಿ. ಆದರೆ ಅರ್ಜಿ ತುಂಬುತ್ತಿರುವ ತಾಣವನ್ನು ಅದರ ವಿನಾಯಿತಿ ಪಟ್ಟಿಗೆ ಸೇರಿಸಿ. ಟ್ಯಾಬ್ ಮಲಗಿ ಎದ್ದಾಗ ಪುಟ ಮತ್ತೆ ಲೋಡ್ ಆದರೆ ತುಂಬಿದ್ದು ಅಳಿಸಿಹೋಗಬಹುದು.

ಕರೆಂಟ್ ಹೋಗುವ ಊರಿನವರು ಯಾವ ಬ್ರೌಸರ್ ಹಾಕಿದರೂ ಮೊದಲ ದಿನವೇ ಮಾಡಬೇಕಾದದ್ದು: ಬ್ರೌಸರ್ ಶುರುವಾದಾಗ ಹಿಂದೆ ಬಿಟ್ಟ ಪುಟಗಳನ್ನೇ ತೆರೆಯಲಿ ಎಂಬ ಸೆಟ್ಟಿಂಗ್. ಎಲ್ಲದರಲ್ಲೂ ಇದೆ. ತಪ್ಪಿ ಮುಚ್ಚಿದ ಟ್ಯಾಬ್ ಮರಳಿ ಬೇಕಿದ್ದರೆ ಕಂಟ್ರೋಲ್, ಶಿಫ್ಟ್, ಟಿ.

ವಿಂಡೋಸ್ 7 ಅಥವಾ 8.1 ಇನ್ನೂ ಓಡಿಸುತ್ತಿರುವ ಆಫೀಸುಗಳು ಹಾಸನ, ಸಕಲೇಶಪುರದ ಕಡೆಯೂ ಇವೆ, ನಮ್ಮ ಕಡೆಯೂ ಇವೆ. ಕ್ರೋಮ್ ಅವುಗಳಿಗೆ 2023ರ 109ನೇ ಆವೃತ್ತಿಯಲ್ಲೇ ನಿಂತುಹೋಗಿದೆ. ಅದರ ಮೇಲೆ ಬ್ಯಾಂಕ್ ವ್ಯವಹಾರ ಮಾಡಬೇಡಿ. ಯಂತ್ರ ಬದಲಿಸಲು ಆಗದಿದ್ದರೆ ವಿಂಡೋಸ್ ಬದಲಿಗೆ ಹಗುರವಾದ ಒಂದು ಲಿನಕ್ಸ್ (ಉಚಿತ ಕಾರ್ಯಾಚರಣ ವ್ಯವಸ್ಥೆ) ಹಾಕಿಸಿ, ಅದರಲ್ಲಿ ಹೊಸ ಫೈರ್‌ಫಾಕ್ಸ್ ಓಡುತ್ತದೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮಾತ್ರ ತಮ್ಮ ಟೋಕನ್‌ಗೆ ಲಿನಕ್ಸ್ ತಂತ್ರಾಂಶ ಇದೆಯೇ ಎಂದು ಕೊಟ್ಟವರನ್ನು ಮೊದಲು ಕೇಳಿಕೊಳ್ಳಬೇಕು.

ಸರ್ಕಾರಿ ಪುಟ, ಬ್ಯಾಂಕ್

ವ್ಯವಹಾರಕ್ಕೆ ಕ್ರೋಮ್ ಅಥವಾ ಎಡ್ಜ್ ಇಟ್ಟುಕೊಳ್ಳಿ. ನನಗೆ ಫೈರ್‌ಫಾಕ್ಸ್ ಮೇಲೆ ಎಷ್ಟೇ ಅಭಿಮಾನವಿದ್ದರೂ ಚಲನ್ ಕಟ್ಟುವ ಕೊನೆಯ ದಿನ ಅದರಲ್ಲಿ ಪ್ರಯೋಗ ಮಾಡುವುದಿಲ್ಲ. ಈ ಪುಟಗಳನ್ನು ಕಟ್ಟಿದವರು ಹೆಚ್ಚಾಗಿ ಕ್ರೋಮ್‌ನಲ್ಲೇ ಪರೀಕ್ಷಿಸಿರುತ್ತಾರೆ. ನಾನು ಆರಿಸಿದ್ದು ಎಡ್ಜ್, ಅದಕ್ಕೆ ಕಾರಣ ಐಇ ಮೋಡ್. ಹಳೆಯ ಕಾಲದ ಪುಟವೊಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬೇಕೆಂದು ಹಟ ಹಿಡಿದರೆ, ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್ ಎಂಬಲ್ಲಿಗೆ ಹೋಗಿ ಆ ಮೋಡ್‌ಗೆ ಅನುಮತಿ ಕೊಡಬಹುದು, ಆ ಪುಟದ ವಿಳಾಸವನ್ನು ಪಟ್ಟಿಗೆ ಸೇರಿಸಬಹುದು. ಹಾಗೆ ಸೇರಿಸಿದ್ದು ಮೂವತ್ತು ದಿನ ಮಾತ್ರ ಉಳಿಯುತ್ತದೆ, ಆಮೇಲೆ ಮತ್ತೆ ಸೇರಿಸಬೇಕು. ಕಳೆದ ತಿಂಗಳು ತೆರೆದ ಪುಟ ಈ ತಿಂಗಳು ತೆರೆಯುತ್ತಿಲ್ಲ ಎಂದು ಗಾಬರಿಯಾಗುವವರಿಗೆ ಕಾರಣ ಅದೇ ಇರಬಹುದು.

ಇನ್ನು 'ಗುಂಡಿ ಒತ್ತಿದರೆ ಏನೂ ಆಗುತ್ತಿಲ್ಲ' ಎಂಬ ದೂರು. ಪಕ್ಕದ ತೋಟದ ರೈಟರ್ ಫೋನ್ ಮಾಡಿ ಹೇಳುವುದು ಬಹುತೇಕ ಇದನ್ನೇ. "ಅಕ್ಕ, ಪ್ರಿಂಟ್ ಎಂದು ಒತ್ತಿದೆ, ಪುಟ ಹಾಗೇ ಕೂತಿದೆ." ನಾನು ಕೇಳುತ್ತೇನೆ, "ವಿಳಾಸದ ಪಟ್ಟಿಯ ಬಲತುದಿಯಲ್ಲಿ ಅಡ್ಡಗೆರೆ ಹಾಕಿದ ಕಿಟಕಿಯಂಥ ಒಂದು ಚಿತ್ರ ಕಾಣುತ್ತಿದೆಯೇನಪ್ಪ?" ಕಾಣುತ್ತಿರುತ್ತದೆ. ರಶೀದಿಯನ್ನು ಹೊಸ ಕಿಟಕಿಯಲ್ಲಿ ತೆರೆಯಲು ಆ ಪುಟ ಪ್ರಯತ್ನಿಸಿದೆ, ಬ್ರೌಸರ್ ಅದನ್ನು ಪಾಪ್‌ಅಪ್ ಎಂದು ತಡೆದಿದೆ. ಆ ಚಿತ್ರ ಒತ್ತಿ, ಈ ತಾಣಕ್ಕೆ ಮಾತ್ರ ಯಾವಾಗಲೂ ಅನುಮತಿಸು ಎಂದು ಆರಿಸಿದರೆ ಮುಗಿಯಿತು. ಪಾಪ್‌ಅಪ್ ತಡೆಯನ್ನೇ ಪೂರ್ತಿ ತೆಗೆದುಹಾಕಬೇಡಿ. ವ್ಯವಹಾರಕ್ಕೆ ಬೇರೆ ಬ್ರೌಸರ್ ಇಟ್ಟುಕೊಂಡರೆ ಇಂಥ ಅನುಮತಿಗಳೆಲ್ಲ ಅಲ್ಲಿಯೇ ಉಳಿಯುತ್ತವೆ, ಓದುವ ಬ್ರೌಸರ್‌ನ ಬಾಗಿಲು ಭದ್ರವಾಗಿಯೇ ಇರುತ್ತದೆ.

ವ್ಯವಹಾರದ ಬ್ರೌಸರ್‌ಗೆ ವಿಸ್ತರಣೆಗಳನ್ನು ಹಾಕಲೇಬೇಡಿ. ಒಂದೂ ಬೇಡ. ಹಾಕುವಾಗ 'ನೀವು ಭೇಟಿ ಕೊಡುವ ಎಲ್ಲ ತಾಣಗಳ ಮಾಹಿತಿಯನ್ನು ಓದುವ, ಬದಲಿಸುವ' ಅನುಮತಿ ಬೇಕೆಂದು ಕೇಳುತ್ತದೆಯಲ್ಲ, ಆ ಎಲ್ಲ ತಾಣಗಳಲ್ಲಿ ನಿಮ್ಮ ಬ್ಯಾಂಕೂ ಸೇರಿದೆ. ಆಫೀಸಿನಲ್ಲಿ ಮೂರು ಜನ ಕೂರುವ ಕಂಪ್ಯೂಟರ್ ಆದರೆ ಪಾಸ್‌ವರ್ಡ್ ಉಳಿಸುವುದೂ ಬೇಡ. ತೋಟದ ಇಮೇಲ್ ಒಂದು, ನಿಮ್ಮದೇ ಇನ್ನೊಂದು ಇದ್ದರೆ ಎಡ್ಜ್ ಮತ್ತು ಕ್ರೋಮ್‌ನಲ್ಲಿ ಪ್ರೊಫೈಲ್ ಬೇರೆ ಮಾಡಿಕೊಳ್ಳಿ. ಖಾಸಗಿ ಕಿಟಕಿ ತೆರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ: ಆ ಕಂಪ್ಯೂಟರಿನಲ್ಲಿ ಚರಿತ್ರೆ ಉಳಿಯುವುದಿಲ್ಲ ಅಷ್ಟೇ, ಇಂಟರ್‌ನೆಟ್ ಕೊಟ್ಟ ಸಂಸ್ಥೆಗೆ ನೀವು ಹೋದ ತಾಣ ಯಾವುದೆಂದು ಗೊತ್ತಾಗುತ್ತದೆ.

ಜಾಹೀರಾತು, ಮೊಬೈಲ್, ಸಿಗ್ನಲ್

ಸಿಗ್ನಲ್ ದುರ್ಬಲವಿರುವ ಕಡೆ ಜಾಹೀರಾತು ತಡೆಯುವುದು ಬರೀ ಕಿರಿಕಿರಿಯ ಪ್ರಶ್ನೆಯಲ್ಲ. ಒಂದು ಸುದ್ದಿ ತೆರೆಯಲು ಅದರ ಸುತ್ತ ಕುಣಿಯುವ ವಿಡಿಯೊಗಳೆಲ್ಲ ಇಳಿಯಬೇಕಾದರೆ ಕೊಟ್ಟಿಗೆಹಾರದ ಕಡೆ ಮಳೆಯಲ್ಲಿ ಕೂತವರಿಗೆ ಸುದ್ದಿ ತೆರೆಯುವುದೇ ಇಲ್ಲ. ಈ ಕೆಲಸಕ್ಕೆ ಯುಬ್ಲಾಕ್ ಒರಿಜಿನ್ ಎಂಬ ವಿಸ್ತರಣೆ ನನಗೆ ಬಹಳ ಮೆಚ್ಚು. ಗೂಗಲ್ ವಿಸ್ತರಣೆಗಳ ನಿಯಮ ಬದಲಿಸಿದ ಮೇಲೆ ಕ್ರೋಮ್‌ನಲ್ಲಿ ಅದರ ಪೂರ್ಣ ರೂಪ ಓಡುವುದಿಲ್ಲ, ಲೈಟ್ ಎಂಬ ಸಣ್ಣ ರೂಪ ಮಾತ್ರ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ರೂಪವೇ ಇದೆ, ಆಂಡ್ರಾಯ್ಡ್ ಮೊಬೈಲಿನ ಫೈರ್‌ಫಾಕ್ಸ್‌ನಲ್ಲೂ ಇದೆ. ಮೊಬೈಲಿನ ಕ್ರೋಮ್‌ಗೆ ವಿಸ್ತರಣೆ ಹಾಕಲಾಗದು. ಸೆಟ್ಟಿಂಗ್ ಎಂದರೆ ಬೇಸರ ಪಡುವವರಿಗೆ ಬ್ರೇವ್ ಸರಿ. ಅದರಲ್ಲಿ ತಡೆ ಮೊದಲಿನಿಂದಲೇ ಇರುತ್ತದೆ.

ಆದರೆ ನಾನು ಓದುವ ಎರಡು ಕನ್ನಡ ಪತ್ರಿಕೆಗಳಿಗೆ ತಡೆಯನ್ನು ತೆಗೆದಿದ್ದೇನೆ. ವಿಸ್ತರಣೆಯ ಚಿಹ್ನೆ ಒತ್ತಿದರೆ ದೊಡ್ಡ ನೀಲಿ ಗುಂಡಿ ಕಾಣುತ್ತದೆ, ಅದನ್ನು ಒಮ್ಮೆ ಒತ್ತಿದರೆ ಆ ತಾಣಕ್ಕೆ ಮಾತ್ರ ವಿನಾಯಿತಿ. ತಾಲ್ಲೂಕು ಮಟ್ಟದ ಸುದ್ದಿ ಬರೆಯುವ ವರದಿಗಾರರಿಗೆ ಸಂಬಳ ಬರುವುದು ಜಾಹೀರಾತಿನಿಂದಲೇ. ಕನ್ನಡದಲ್ಲಿ ಸುದ್ದಿ ಬೇಕು ಎನ್ನುವ ನಾವು ಅಷ್ಟು ಸಹಿಸಿಕೊಳ್ಳಬೇಕು.

ಡೇಟಾ ಉಳಿಸಲೆಂದು ಒಪೇರಾ ಮಿನಿ ಬಳಸುವವರು ನಮ್ಮ ಕಡೆ ಇನ್ನೂ ಇದ್ದಾರೆ. ಪುಟವನ್ನು ತನ್ನ ಸರ್ವರ್‌ನಲ್ಲಿ ಕುಗ್ಗಿಸಿ ಕಳಿಸುವುದೇ ಅದರ ವಿಧಾನ. ಸುದ್ದಿ ಓದಲು ಅಡ್ಡಿಯಿಲ್ಲ. ಪುಟ ನಡುವೆ ಇನ್ನೊಬ್ಬರ ಯಂತ್ರದ ಮೂಲಕ ಹಾದು ಬರುವುದರಿಂದ ಅತಿ ಹೆಚ್ಚು ಉಳಿಸುವ ಮೋಡ್‌ನಲ್ಲಿ ಬ್ಯಾಂಕ್ ತೆರೆಯಬಾರದು. ಕ್ರೋಮ್‌ನಲ್ಲಿದ್ದ ಅಂಥ ಲೈಟ್ ಮೋಡ್ 2022ರಲ್ಲೇ ನಿಂತಿದೆ, ಅದನ್ನು ಹುಡುಕಬೇಡಿ. ಯುಸಿ ಬ್ರೌಸರ್ ಅನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ಯಾರೋ ಕಳಿಸಿದ ಕಡತದಿಂದ ಅದನ್ನು ಮತ್ತೆ ಹಾಕಿಸಿಕೊಳ್ಳಬೇಡಿ.

ಸಿಗ್ನಲ್ ಇರುವಲ್ಲಿ ಪುಟ ಇಳಿಸಿಕೊಂಡು ಇಲ್ಲದಲ್ಲಿ ಓದುವ ಅಭ್ಯಾಸವಿದ್ದರೆ ಮೊಬೈಲಿನ ಕ್ರೋಮ್ ಅನುಕೂಲ. ಮೂರು ಚುಕ್ಕಿ ಒತ್ತಿದರೆ ಮೇಲುಗಡೆ ಕೆಳಮುಖದ ಬಾಣ ಇರುತ್ತದೆ, ಒತ್ತಿದರೆ ಇಡೀ ಪುಟ ಡೌನ್‌ಲೋಡ್ ಪಟ್ಟಿಗೆ ಸೇರುತ್ತದೆ. ನಮ್ಮ ಮೇಸ್ತ್ರಿಗೆ ನಾನು ಕ್ರೋಮ್ ಬಿಡಬೇಡಿ ಎಂದೇ ಹೇಳಿದೆ. ಅವರು ಬೆಳಗ್ಗೆ ಆಫೀಸಿನ ಹತ್ತಿರ ಹವಾಮಾನದ ಪುಟ ಇಳಿಸಿಕೊಂಡು ತೋಟದ ಒಳಗೆ ಹೋಗುತ್ತಾರೆ, ಔಷಧಿ ಹೊಡೆಸಬೇಕೇ ಬೇಡವೇ ಎಂದು ಅದನ್ನು ನೋಡಿ ತೀರ್ಮಾನಿಸುತ್ತಾರೆ. ಅವರ ಫೋನಿನಲ್ಲಿ ಮಾಡಿಕೊಟ್ಟ ಬದಲಾವಣೆ ಒಂದೇ. ಸೆಟ್ಟಿಂಗ್‌ನಲ್ಲಿ ಅಧಿಸೂಚನೆಗಳ ಪಟ್ಟಿ ತೆರೆದು, ಯಾವಾಗಲೋ ಅನುಮತಿಸು ಎಂದು ಒತ್ತಿದ್ದ ತಾಣಗಳನ್ನೆಲ್ಲ ತೆಗೆದುಹಾಕಿದೆ. ನಿಮ್ಮ ಫೋನಿಗೆ ವೈರಸ್ ಬಂದಿದೆ ಎಂದು ಹೆದರಿಸುತ್ತಿದ್ದ ಸಂದೇಶಗಳು ಅಲ್ಲಿಗೆ ನಿಂತವು. ಹೊಸ ಬ್ರೌಸರ್ ಬೇಕೆಂದು ಬರುವ ಹಲವರಿಗೆ ನಿಜವಾಗಿ ಬೇಕಿರುವುದು ಇಷ್ಟೇ.

ಬದಲಿಸುವ ಬಗೆ

ಹಳೆಯದನ್ನು ತೆಗೆಯದೆ ಹೊಸದನ್ನು ಪಕ್ಕದಲ್ಲಿ ಹಾಕಿಕೊಳ್ಳಿ. ಡೌನ್‌ಲೋಡ್ ಮಾಡುವಾಗ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಮೊಬೈಲ್‌ಗಾದರೆ ಪ್ಲೇ ಸ್ಟೋರ್, ಕಂಪ್ಯೂಟರ್‌ಗಾದರೆ ಮಾಡಿದ ಸಂಸ್ಥೆಯದ್ದೇ ತಾಣ. ಮೊದಲ ಸಲ ತೆರೆದಾಗ ಹಳೆಯದರಿಂದ ಬುಕ್‌ಮಾರ್ಕ್ ತರಲೇ ಎಂದು ಅದೇ ಕೇಳುತ್ತದೆ. ಬುಕ್‌ಮಾರ್ಕ್ ತರಿಸಿ, ಪಾಸ್‌ವರ್ಡ್‌ಗಳನ್ನು ಓದುವ ಬ್ರೌಸರ್‌ಗೆ ತರಬೇಡಿ.

ಆಮೇಲೆ ಆ ಹಾಳೆ ತೆಗೆದುಕೊಂಡು ಒಂದು ವಾರ ಪ್ರತಿ ಪುಟವನ್ನೂ ಹೊಸದರಲ್ಲಿ ತೆರೆಯಿರಿ. ಸರಿಯಾಗಿ ತೆರೆಯದ್ದಕ್ಕೆ ಪಕ್ಕದಲ್ಲಿ ಗುರುತು ಹಾಕಿ. ಗುರುತು ಬಿದ್ದವೆಲ್ಲ ಸರ್ಕಾರಿ ಪುಟ, ಬ್ಯಾಂಕೇ ಆಗಿದ್ದರೆ ಅವನ್ನು ವ್ಯವಹಾರದ ಬ್ರೌಸರ್‌ಗೆ ಬಿಟ್ಟು ಮುಂದುವರಿಯಿರಿ. ನೀವು ದಿನವೂ ಓದುವ ಪುಟಗಳಿಗೇ ಗುರುತು ಬಿದ್ದಿದ್ದರೆ ಆ ಬ್ರೌಸರ್ ನಿಮಗಲ್ಲ, ಎಷ್ಟೇ ಜನ ಹೊಗಳಲಿ. ಬಾಣಾವರದ ಕೊಬ್ಬರಿ ವ್ಯಾಪಾರಿಗೆ ಒಗ್ಗಿದ್ದು ಬಾಳೆಹೊನ್ನೂರಿನ ನಿವೃತ್ತ ಮೇಷ್ಟರಿಗೆ ಒಗ್ಗಬೇಕೆಂದೇನಿಲ್ಲ.

ವಾರ ಕಳೆದು ಒಪ್ಪಿಗೆಯಾದ ಮೇಲೆ ಅದನ್ನು ಡೀಫಾಲ್ಟ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್‌ಗಳು, ಡೀಫಾಲ್ಟ್ ಆ್ಯಪ್‌ಗಳು, ಬ್ರೌಸರ್. ವಿಂಡೋಸ್‌ನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿ ಒತ್ತಿದಾಗ ತೆರೆಯುವುದು ಡೀಫಾಲ್ಟ್ ಆಗಿರುವ ಬ್ರೌಸರ್. ಹಾಗಾಗಿ ಓದುವ ಬ್ರೌಸರನ್ನೇ ಡೀಫಾಲ್ಟ್ ಮಾಡಿ, ವ್ಯವಹಾರದ್ದನ್ನು ಎಂದಿಗೂ ಮಾಡಬೇಡಿ. ಯಾರೋ ಕಳಿಸಿದ ಮೋಸದ ಕೊಂಡಿ ತೆರೆದರೂ ನಿಮ್ಮ ಬ್ಯಾಂಕಿನ ಲಾಗಿನ್ ಇರುವ ಜಾಗದಲ್ಲಿ ಅದು ತೆರೆಯಬಾರದು.

ಕೊನೆಯದಾಗಿ ಬುಕ್‌ಮಾರ್ಕ್‌ಗಳ ಒಂದು ಪ್ರತಿ ತೆಗೆದಿಡಿ. ಕಂಟ್ರೋಲ್, ಶಿಫ್ಟ್, ಒ ಒತ್ತಿದರೆ ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಬುಕ್‌ಮಾರ್ಕ್‌ಗಳ ಪಟ್ಟಿ ತೆರೆಯುತ್ತದೆ; ಅಲ್ಲಿ ರಫ್ತು ಮಾಡುವ ಆಯ್ಕೆಯಿದೆ. ಸಿಗುವ ಎಚ್‌ಟಿಎಂಎಲ್ ಕಡತವನ್ನು ಯಾವ ಬ್ರೌಸರ್ ಬೇಕಾದರೂ ಓದುತ್ತದೆ. ನಾನದನ್ನು ಚೆಕ್‌ರೋಲ್ ಕಡತಗಳ ಜೊತೆಗೇ ಪೆನ್‌ಡ್ರೈವ್‌ಗೆ ಹಾಕಿಡುತ್ತೇನೆ, ತಿಂಗಳ ಲೆಕ್ಕ ಮುಗಿಸಿದ ದಿನ ಹೊಸ ಪ್ರತಿ ತೆಗೆಯುತ್ತೇನೆ.